ಒಡಪಿನಲ್ಲಿ ಪಲ್ಯದ ಮಾತಿರಲಿಲ್ಲ

ಹೋದ ವಾರ ಹುಕ್ಕೇರಿಗೆ ಹೋದಾಗ ಭಾಗ್ಯಕ್ಕನ ಮನೆಯ ಬಾಗಿಲಿಗೆ ಬಣ್ಣದ ಕೆಲಸ ನಡೆದಿತ್ತು. ಆಯಿಲ್ ಪೇಂಟಿನ ವಾಸನೆ ಓಣಿಯ ತುದಿಯಲ್ಲೇ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ನನ್ನ ಎಡಗೈಯ ಮಣಿಕಟ್ಟು ಚುರ್ ಎಂದಿತು. ಮೂಗಿಗೂ ಮಣಿಕಟ್ಟಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬೇಕು. ನಾನಾಗಿದ್ದರೆ ಕೇಳುತ್ತಿದ್ದೆ.

ಚೌಕಟ್ಟಿನ ಎಡಗಡೆ, ಎದೆಯೆತ್ತರದಲ್ಲಿ, ಹಳೆಯ ನೀಲಿ ಬಣ್ಣದೊಳಗೆ ಐದು ಬೆರಳು ಮೂಡಿದ್ದವು. ಬಣ್ಣದವನು ಪಾಲಿಶ್ ಪೇಪರ್ ಹಿಡಿದು ಅದರ ಮುಂದೆ ಅನುಮಾನಿಸುತ್ತ ನಿಂತಿದ್ದ.

“ಇದನ್ನೂ ತಿಕ್ಕಲೇನ್ರಿ ಅಮ್ಮಾರ?”

ಒಳಗಿನಿಂದ ಭಾಗ್ಯಕ್ಕನ ಅತ್ತೆ ಕಸ್ತೂರವ್ವನ ದನಿ ಬಂತು. “ತಿಕ್ಕಲಾರದ ಏನ್ ಪೂಜಿ ಮಾಡತಿಯೇನು? ತಿಕ್ಕು.”

ಅವನು ತಿಕ್ಕಿದ. ಒಂದೊಂದೇ ಬೆರಳು ಪುಡಿಯಾಗಿ ಉದುರಿತು. ನಾನು ಹೊಸ್ತಿಲ ಹೊರಗೇ ನಿಂತು ನೋಡಿದೆ. ಆ ಬೆರಳುಗಳು ಮೂಡಿದ ಸಂಜೆಯೂ ನಾನು ನಿಂತದ್ದು ಇದೇ ಜಾಗದಲ್ಲಿ.

ಆ ಬೇಸಿಗೆ ನಾನು ಗೋಕಾಕಿನಲ್ಲಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ವಾದ ಮಾಡುತ್ತಿದ್ದೆ ಅನ್ನುವುದು ಸರಿ. ಚರ್ಚಾಸ್ಪರ್ಧೆ ಎಲ್ಲಿದ್ದರೂ ಕಾಲೇಜಿನಿಂದ ನನ್ನನ್ನೇ ಕಳಿಸುತ್ತಿದ್ದರು. ವಿಷಯ ಯಾವುದಾದರೂ ನಾನು ‘ವಿರೋಧ’. ಮನೆಯಲ್ಲಿ ನನಗೆ ವಕೀಲವ್ವ ಎಂದೇ ಹೆಸರು. ದೊಡ್ಡಪ್ಪನ ಮಗಳು ಭಾಗ್ಯಕ್ಕ ಮೂಡಲಗಿಯವಳು. ಬಿ.ಎಡ್. ಓದಲು ಗೋಕಾಕಿಗೆ ಬಂದು ನಮ್ಮ ಮನೆಯಲ್ಲೇ ಇದ್ದಳು. ನಾನು ಮಾತಾಡುವಾಗ ಆಕೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ನನ್ನ ವಾದ ಮುಗಿಯುವುದರೊಳಗೆ ಇಬ್ಬರ ಬಟ್ಟೆಯೂ ಮುಗಿದಿರುತ್ತಿತ್ತು.

ರಜೆಗೆ ಮುಂಚಿನ ಕೊನೆಯ ತರಗತಿಯಲ್ಲಿ ಕನ್ನಡ ಮೇಡಂ ಒಂದು ಕೆಲಸ ಹಚ್ಚಿದರು. ಕಾಲೇಜು ತೆರೆದ ಮೇಲೆ ಕಥೆ ಬರೆಯುವ ಶಿಬಿರ. ಎಲ್ಲರೂ ತಮ್ಮ ಬದುಕಿನಿಂದಲೇ ಒಂದು ಕಥೆಯ ಎಳೆ ತರಬೇಕು.

“ನಿಮ್ಮ ನಿಮ್ಮ ಮನ್ಯಾಗ ದಿನಾ ಏನ್ ನಡೀತೈತಿ, ಅದನ್ನ ನೋಡ್ರಿ. ಕಥಿ ಅಲ್ಲೇ ಸಿಗತೈತಿ,” ಎಂದರು.

ನಾನು ಎದ್ದು ನಿಂತೆ. “ಮೇಡಂ, ನಮ್ಮ ಮನ್ಯಾಗ ಮುಂಜಾನೆ ಚಾ, ಮಧ್ಯಾಹ್ನ ರೊಟ್ಟಿ, ಸಂಜಿಗೆ ಧಾರಾವಾಹಿ. ಇದರಾಗ ಕಥಿ ಐತಿ ಅನ್ನಾಕ ಪುರಾವೆ ಏನ್ರಿ?”

ತರಗತಿ ನಕ್ಕಿತು. ಮೇಡಂ ನಗಲಿಲ್ಲ. “ಪುರಾವೆ ನಾ ಕೊಡಂಗಿಲ್ಲ, ನೀನ ತರಬೇಕು. ಯಾರಿಗೆ ಏನ್ ಬೇಕಾಗೈತಿ? ಅದು ಸಿಗದಿದ್ರ ಅವರದು ಏನ್ ಹೋಗತೈತಿ? ಎರಡೇ ಪ್ರಶ್ನಿ. ಎರಡಕ್ಕೂ ಒಂದ ಕಡೆ ಉತ್ತರ ಸಿಕ್ಕರ ಬಂದು ಹೇಳು.”

ಕುಳಿತೆ. ಸೋತೆ ಎಂದಲ್ಲ, ಗಂಟೆ ಹೊಡೆಯಿತು ಎಂದು. ಉಳಿದವರ ಅನುಭವ ಇರಲಿ, ನನ್ನ ಅನುಭವದಲ್ಲಿ ಯಾರಿಗೂ ಅಂಥದ್ದೇನೂ ಬೇಕಾಗಿರಲಿಲ್ಲ ಎಂದು ಖಚಿತವಾಗಿ ನಂಬಿದ್ದೆ.

ಭಾಗ್ಯಕ್ಕನ ಲಗ್ನ ನಿಶ್ಚಯವಾದದ್ದು ಅದಕ್ಕೂ ಮೊದಲೇ. ಹುಡುಗ ಹುಕ್ಕೇರಿಯ ಮಲ್ಲಿಕಾರ್ಜುನ. ಪೈಪು, ಮೋಟಾರು ಮಾರುವ ಅಂಗಡಿ. ಮಾತುಕತೆಯ ದಿನ ಮೂಡಲಗಿಯ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂತಿದ್ದಾಗ ದೊಡ್ಡಪ್ಪ, “ಹುಡುಗೀದು ಇನ್ನೊಂದು ವರ್ಷ ಓದು ಉಳದೈತ್ರಿ,” ಎಂದಿದ್ದರು. ಹುಡುಗನ ತಾಯಿ ಕಸ್ತೂರವ್ವ ಬಾಗಿಲ ಬಳಿಯಿಂದಲೇ, ಗಂಡಸರೆಲ್ಲ ತಿರುಗಿ ನೋಡುವಂತೆ ಹೇಳಿದ್ದಳು: “ಓದಲೇಳ್ರಿ. ಮುಂಜಾನೆ ನಾನ ಬುತ್ತಿ ಕಟ್ಟಿ ಕಳಸ್ತೇನಿ.” ಎಲ್ಲರೂ ತಲೆದೂಗಿದರು. ಎಂಥಾ ಅತ್ತೆ ಎಂದು ದೊಡ್ಡವ್ವ ವಾರಗಟ್ಟಲೆ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಆಮೇಲೆ ಜವಳಿ ತೆಗೆಯುವ ದಿನ ಬಂತು. ಲಗ್ನದ ಬಟ್ಟೆಯನ್ನು ಬೀಗರಿಬ್ಬರೂ ಕೂಡಿಯೇ ಕೊಳ್ಳುವುದು ನಮ್ಮ ಕಡೆಯ ರೂಢಿ. ಗೋಕಾಕಿನ ಅಂಗಡಿಯೊಂದರ ಮೆತ್ತನೆ ಗಾದಿಯ ಮೇಲೆ ಹೆಂಗಸರೆಲ್ಲ ಕೂತಿದ್ದೆವು. ಸೀರೆಗಳ ರಾಶಿ ಬಿದ್ದಿತ್ತು. ದೊಡ್ಡವ್ವ ಎರಡು ಚೂಡಿದಾರದ ಬಟ್ಟೆ ಎತ್ತಿ, “ಇವೂ ಇರಲಿ, ಕಾಲೇಜಿಗೆ ಬೇಕಾಗತಾವು,” ಎಂದಳು. ಕಸ್ತೂರವ್ವ ಅವನ್ನು ಮೆಲ್ಲಗೆ ತೆಗೆದು ಅಂಗಡಿಯವನ ಕಡೆ ಸರಿಸಿದಳು.

“ದಿನಾ ಉಡೂವಂಥಾ ಸೀರಿ ತೋರಸ್ರಿ. ಇವೇನ್ ಬ್ಯಾಡ. ಕಾಲೇಜು ಮುಗೀತಲ್ಲ.”

ದೊಡ್ಡವ್ವನ ಕೈ ಸೀರೆಯ ಅಂಚಿನ ಮೇಲೆ ನಿಂತುಬಿಟ್ಟಿತು. ಭಾಗ್ಯಕ್ಕ ಕನ್ನಡಿಯ ಮುಂದೆ ಸೆರಗು ಹೊದ್ದು ನೋಡುತ್ತಿದ್ದವಳು ಕನ್ನಡಿಯೊಳಗಿನಿಂದಲೇ ಅತ್ತೆಯನ್ನು ನೋಡಿದಳು. 

“ಇನ್ನೂ ಒಂದ ವರ್ಷ ಐತಲ್ರಿ ಅತ್ತಿ?” ನಾನು ಕೇಳಿದೆ.

ಕಸ್ತೂರವ್ವ ನಕ್ಕಳು. “ನೋಡೂಣು ಬಿಡವಾ.”

ಚರ್ಚೆಯಲ್ಲಿ ‘ಇಲ್ಲ’ ಎಂಬುದಕ್ಕೆ ಉತ್ತರವುಂಟು. ‘ಯಾಕೆ ಇಲ್ಲ’ ಎಂದು ಹಿಡಿಯಬಹುದು, ಎಳೆಯಬಹುದು. ‘ನೋಡೂಣು’ ಎಂಬುದಕ್ಕೆ ಹಿಡಿಕೆಯೇ ಇಲ್ಲ. ಅದು ಒಪ್ಪಿಗೆಯ ಸೀರೆ ಉಟ್ಟುಕೊಂಡು ಬರುವ ನಿರಾಕರಣೆ. 

ಮೂಡಲಗಿಗೆ ಹೋದವಳೇ ದೊಡ್ಡಪ್ಪನ ಮುಂದೆ ವಾದ ಹೂಡಿದೆ. “ಹತ್ತು ಮಂದ್ಯಾಗ ಮಾತ ಕೊಟ್ಟಾರ. ಈಗ ತಿರುಗಸಾಕತ್ತಾರ. ಹೋಗಿ ಕೇಳ್ರಿ.”

ದೊಡ್ಡಪ್ಪ ಲಗ್ನಪತ್ರಿಕೆಗಳಿಗೆ ಅರಿಷಿಣ ಹಚ್ಚುತ್ತ ಕೂತಿದ್ದರು. “ಕೊಟ್ಟಾರ, ಖರೆ. ಆ ಹತ್ತು ಮಂದ್ಯಾಗ ಈಗ ಯಾರ ಬಾಯಿ ತೆಗೀತಾರ ಹೇಳು? ಜವಳಿ ಅಂಗಡ್ಯಾಗ ಹೆಂಗಸರ ಆಡಿದ ಮಾತ ಹಿಡಕೊಂಡು ನಾ ಹುಕ್ಕೇರಿಗೆ ಹೋಗಲ್ಯಾ? ನಾಳೆ ಆಕಿ ಅಲ್ಲೇ ಬಾಳ್ವೆ ಮಾಡಬೇಕವಾ.”

“ಬಾಳ್ವೆ ಮಾಡಾಕ ಓದು ಬಿಡಬೇಕಂತ ಎಲ್ಲಿ ಬರದೈತಿ?”

“ನೀ ಸುಮ್ನಿರು ವಕೀಲವ್ವ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಸಿಟ್ಟಿಗೆ ಎದುರು ನಿಲ್ಲಬಲ್ಲೆ, ಹೆದರಿಕೆಗೆ ಏನೆಂದು ಉತ್ತರ ಕೊಡುವುದು? ಮಲ್ಲಿಕಾರ್ಜುನನಿಗೆ ಭಾಗ್ಯಕ್ಕನೇ ಫೋನು ಹಚ್ಚಿದಳು. “ಅವ್ವನ್ನ ಕೇಳಿ ಹೇಳತೀನಿ,” ಎಂದನಂತೆ. ಮತ್ತೆ ಹೇಳಲಿಲ್ಲ.

ಆ ವಾರವಿಡೀ ಭಾಗ್ಯಕ್ಕ ಎಂದಿನಂತೆಯೇ ಇದ್ದಳು. ನನಗೆ ಅದನ್ನೇ ತಡೆಯಲಾಗಲಿಲ್ಲ. “ನೀ ಏನೂ ಅನ್ನಂಗಿಲ್ಲೇನು?” ಎಂದು ಕೇಳಿದರೆ, “ನನಗ ಒಡಪು ಕಟ್ಟಿ ಕೊಡತೀನಿ ಅಂದಿದ್ದೆಲ್ಲ, ಅದನ್ನ ಕೊಡು ಮೊದಲ,” ಎಂದಳು.

ಒಡಪೆಂದರೆ ಗಂಡನ ಹೆಸರು ಹೇಳುವ ಪದ್ಯ. ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಗಂಡನ ಅಕ್ಕತಂಗಿಯರು ಬಾಗಿಲು ತಡೆಯುತ್ತಾರೆ. ಪ್ರಾಸದ ನಾಲ್ಕು ಸಾಲಿನಲ್ಲಿ ಗಂಡನ ಹೆಸರು ಹೆಣೆದು ಹೇಳಿದರೇ ಒಳಗೆ ಪ್ರವೇಶ. ತಾಳಿ ಕಟ್ಟಿದ ಗಂಡನ ಹೆಸರು ಹೇಳಲು ಪದ್ಯದ ಲಂಚ ಯಾಕೆ ಎಂದು ನಾನು ಹಿಂದೆಯೇ ವಾದಿಸಿದ್ದೆ. ಆದರೂ ಕಟ್ಟಿಕೊಟ್ಟೆ. ಮಾರ್ಕಂಡೇಯ ಹೊಳೆ ಹರಿದು ಘಟಪ್ರಭೆಗೆ ಕೂಡುತ್ತದೆ, ನಾನು ಮಲ್ಲಿಕಾರ್ಜುನರ ಮನೆಗೆ ಕೂಡುತ್ತೇನೆ ಎಂಬಂಥದ್ದು. ಪ್ರಾಸ ಚೊಕ್ಕಟ, ಅರ್ಥ ಸೊನ್ನೆ. ಆಕೆ ಎರಡು ಸಲ ಓದಿ ಬಾಯಿಪಾಠ ಮಾಡಿದಳು. ಆಮೇಲೆ ಏನೋ ಲೆಕ್ಕ ಹಾಕುವವಳಂತೆ ಕೇಳಿದಳು: “ಒಡಪು ಹೇಳೂಮುಂದ ನಡುವ ಯಾರರೆ ಬಾಯಿ ಹಾಕತಾರೇನು?”

“ಇಲ್ಲ. ಎಲ್ಲಾರೂ ಸುಮ್ನ ಕೇಳತಾರ. ನಮ್ಮ ಚರ್ಚಾಸ್ಪರ್ಧೆಗಿಂತ ಚಲೋ ಅದು.”

“ಹಂಗಾರ ಸರಿ,” ಎಂದು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು.

ಲಗ್ನ ಮೂಡಲಗಿಯಲ್ಲಿ ಆಯಿತು. ಅಕ್ಕಿಕಾಳು ಬಿದ್ದವು, ಹುಗ್ಗಿಯ ಊಟವಾಯಿತು, ದೊಡ್ಡವ್ವ ಅತ್ತಳು. ಮದುಮಗಳ ಜೊತೆ ತವರಿನ ಹುಡುಗಿಯೊಬ್ಬಳು ಹೋಗಿ ನಾಲ್ಕು ದಿನ ಇದ್ದು ಬರುವುದು ಪದ್ಧತಿ. ಹಾಗೆ ಹೋಗಬೇಕಾದವಳು ನಾನು. ದೊಡ್ಡಪ್ಪ ಕ್ರೂಜರ್ ಗಾಡಿಯ ಕಿಟಕಿಯೊಳಗೆ ತಲೆ ಹಾಕಿ, “ಬಾಯಿಗೆ ಬೀಗಾ ಇರಲಿ,” ಎಂದು ನನಗೆ ಕೈಮುಗಿದರು.  ಗೋಕಾಕ ದಾಟುವವರೆಗೂ ನಾನು ಉಸಿರೆತ್ತಲಿಲ್ಲ.

ಘಟಪ್ರಭಾದ ಹತ್ತಿರ ಅಡ್ಡಮಳೆ ಹಿಡಿಯಿತು. ಬೇಸಿಗೆಯ ಆ ಮಳೆಗೆ ಹೊತ್ತು ಗೊತ್ತು ಇಲ್ಲ. ಗಾಳಿ, ಧೂಳು, ಆಮೇಲೆ ಒಮ್ಮೆಲೇ ಕಲ್ಲೆಸೆದಂತೆ ಹನಿ. ಗಾಡಿಯ ವೈಪರ್ ಕಿರುಗುಟ್ಟುತ್ತಿತ್ತು. ಮಲ್ಲಿಕಾರ್ಜುನ ಮುಂದೆ ಕೂತು ಮಳೆಯನ್ನೇ ನೋಡುತ್ತಿದ್ದ. ಭಾಗ್ಯಕ್ಕನ ತುಟಿ ಅಲುಗುತ್ತಿತ್ತು. ನನ್ನ ಒಡಪನ್ನೇ ಮೆಲುಕು ಹಾಕುತ್ತಿದ್ದಾಳೆ ಎಂದುಕೊಂಡೆ.

ಹುಕ್ಕೇರಿ ಮುಟ್ಟಿದಾಗ ಸಂಜೆ. ಮನೆಯ ಮುಂದಿನ ಹಂದರ ತೊಟ್ಟಿಕ್ಕುತ್ತಿತ್ತು. ಗಾಡಿ ಇಳಿಯುವ ಮೊದಲೇ ಕೂಗು ಕೇಳಿತು: “ಬಾಗಲಾ ಮುಟ್ಟಬ್ಯಾಡ್ರೇ! ಹಸಿ ಬಣ್ಣಾ!” ಬಣ್ಣದವನು ಲಗ್ನದ ಹಿಂದಿನ ದಿನ ಬಂದು ಹಚ್ಚಿ ಹೋಗಿದ್ದನಂತೆ, ಮಳೆಯ ತಂಪಿಗೆ ಅದು ಆರಿರಲಿಲ್ಲ. ನಾದಿನಿ ಸವಿತಾ ಕೈಯಿಂದ ಬಾಗಿಲು ತಡೆಯುವಂತಿಲ್ಲ. ಒಬ್ಬ ಗೆಳತಿಯನ್ನು ಎದುರು ನಿಲ್ಲಿಸಿ ಇಬ್ಬರೂ ಒಂದು ಓಡಣಿಯನ್ನು ಅಡ್ಡ ಹಿಡಿದಿದ್ದರು. ಓಣಿಯ ಹೆಂಗಸರೆಲ್ಲ ಹಂದರದ ಕೆಳಗೆ ನೆರೆದಿದ್ದರು. ಆರತಿ ತಟ್ಟೆ ಹಿಡಿದು ಕಸ್ತೂರವ್ವ ಒಳಗೆ ನಿಂತಿದ್ದಳು.

“ಹೆಸರ ಹೇಳದ ಒಳಗ ಬಿಡಂಗಿಲ್ಲ ವೈನಿ!” ಸವಿತಾ ಕೂಗಿದಳು.

“ಬಿ.ಎಡ್. ಓದಿದಾಕಿ ಅದಾಳವಾ, ಸಣ್ಣ ಒಡಪು ನಡ್ಯಾಂಗಿಲ್ಲ,” ಎಂದಳು ನೆರೆಮನೆಯ ಮುದುಕಿ ಶಿವಕ್ಕ.

“ಓದ್ಯಾಳೋ ಓದಾಕತ್ತಾಳೋ?” ಮತ್ತೊಬ್ಬಳು ಕೇಳಿದಳು. ನಗೆ ಎದ್ದಿತು.

ಭಾಗ್ಯಕ್ಕ ತಲೆಯೆತ್ತಿದಳು. ಗದ್ದಲ ತಾನಾಗಿ ಇಳಿಯಿತು. ಹಂದರದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ನಾನು ಮನಸ್ಸಿನಲ್ಲೇ ‘ಮಾರ್ಕಂಡೇಯ’ ಎಂದು ಎತ್ತಿಕೊಟ್ಟೆ. ಆಕೆ ಹೇಳಿದ್ದು ಇದು:

“ಗೋಕಾಕ ಬಸ್ಸಿನ್ಯಾಗ ಕಿಡಕಿ ಸೀಟ ನನಗ,
ಬುತ್ತಿ ಕಟ್ಟತೇನಂದಾರ ಅತ್ತಿ ಹತ್ತು ಮಂದ್ಯಾಗ,
ಒಂದ ವರ್ಷದ ಓದ ಉಳದೈತಿ ಮುಗಸಾಕ,
ಮಲ್ಲಿಕಾರ್ಜುನರ ಹೆಸರ ಹೇಳತೀನಿ ಹೊಸ್ತಲಾ ದಾಟಾಕ.”

ಯಾರೋ ಒಬ್ಬಳು ಚಪ್ಪಾಳೆಗೆ ಕೈಯೆತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು. ಸವಿತಾ ತಾಯಿಯ ಕಡೆ ತಿರುಗಿದಳು. ಓಡಣಿ ಸಡಿಲಾಗಿ ಕೆಳಗಿಳಿಯಿತು. ಹೆಸರು ಹೇಳಿಯಾಗಿತ್ತು, ದಾರಿ ತೆರೆದಿತ್ತು. ಭಾಗ್ಯಕ್ಕ ಕಾಲೆತ್ತಲಿಲ್ಲ.

“ಒಳಗ ಬಾ. ಆಮ್ಯಾಲ ಮಾತಾಡೂಣು,” ಎಂದಳು ಕಸ್ತೂರವ್ವ. ತಟ್ಟೆಯ ದೀಪ ಅಲುಗುತ್ತಿತ್ತು.

ಭಾಗ್ಯಕ್ಕ ಕದಲಲಿಲ್ಲ. ನನಗೆ ಬಾಯಿ ತುರಿಸಿತು. ಮಾತುಕತೆಯ ದಿನ ಯಾರು ಎಲ್ಲಿ ಕೂತಿದ್ದರು, ಯಾರು ತಲೆದೂಗಿದರು, ಎಲ್ಲವೂ ನಾಲಗೆಯ ತುದಿಯಲ್ಲಿತ್ತು. “ಅತ್ತೀ, ಅವತ್ತ—” ಎನ್ನುವುದರೊಳಗೆ ಭಾಗ್ಯಕ್ಕ ನನ್ನ ಎಡಗೈ ಮಣಿಕಟ್ಟು ಹಿಡಿದಳು. ಉಗುರು ಚರ್ಮಕ್ಕೆ ಇಳಿಯಿತು. ಮುಖ ಮಾತ್ರ ಮದುಮಗಳದೇ. ತುಸು ಬಾಗಿದ್ದು, ಅರಿಷಿಣದ್ದು. ಚರ್ಚಾಸ್ಪರ್ಧೆಯಲ್ಲಿ ಮೌನಕ್ಕೆ ಅಂಕವಿಲ್ಲ. ಅಲ್ಲಿ ಆಕೆ ಮೌನವನ್ನೇ ನಿಲ್ಲಿಸಿದ್ದಳು, ಅದು ಪ್ರತಿ ಗಳಿಗೆಗೂ ಭಾರವಾಗುತ್ತಿತ್ತು. ಮದುಮಗಳು ಹೊಸ್ತಿಲಲ್ಲೇ ತಡೆದು ನಿಂತರೆ ಊರು ನಾಳೆ ಏನು ಮಾತಾಡುತ್ತದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಆಕೆ ಬೈಸಿಕೊಳ್ಳಬಹುದಿತ್ತು. ‘ಎಂಥಾ ಸೊಕ್ಕಿನಾಕಿ’ ಎಂಬ ಹೆಸರು ಹೊತ್ತೇ ಆ ಮನೆಯಲ್ಲಿ ಬಾಳಬೇಕಾಗಬಹುದಿತ್ತು. 

“ಅಂದಿದ್ದಿ ಏನ ಕಸ್ತೂರವ್ವ?” ಶಿವಕ್ಕ ಕೇಳಿದಳು. ಅದರಲ್ಲಿ ಸಹಾಯದ ದನಿ ಏನೂ ಇರಲಿಲ್ಲ, ಬರೀ ಕುತೂಹಲ. “ಬುತ್ತಿ ಕಟ್ಟತೇನಿ ಅಂತ?”

ಕಸ್ತೂರವ್ವ ತಟ್ಟೆಯನ್ನು ಮಗಳ ಕೈಗೆ ಕೊಟ್ಟು ಮುಂದೆ ಬಂದಳು. ಬಂದವಳು ಮರೆತು ಚೌಕಟ್ಟಿಗೆ ಬಲಗೈ ಊರಿದಳು. “ಅವ್ವಾ, ಬಣ್ಣಾ!” ಎಂದು ಸವಿತಾ ಚೀರಿದರೂ ಕೈ ತೆಗೆಯಲಿಲ್ಲ. ಸೊಸೆಯನ್ನೇ ನೋಡುತ್ತಿದ್ದಳು. ಆಮೇಲೆ ಮಗನನ್ನು ನೋಡಿದಳು.

ಎಲ್ಲರೂ ಅವನನ್ನೇ ನೋಡಿದರು. “ನೀನೂ ಹೇಳೋ ಮಲ್ಲೂ, ಹೆಂಡ್ತಿ ಹೆಸರು,” ಎಂದು ಯಾರೋ ತಿವಿದರು. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

“ಭಾಗ್ಯಶ್ರೀ…” ಎಂದು ನಿಲ್ಲಿಸಿ, ಪ್ರಾಸವೂ ಇಲ್ಲದೆ ಏನೂ ಇಲ್ಲದೆ, “ಬಸ್ ಸ್ಟ್ಯಾಂಡಿನ ತನಕ ನಾ ಬಿಟ್ಟ ಬರತೀನಿ,” ಎಂದ.

ಹಂದರ ಹರಿದು ಬೀಳುವಂತೆ ನಗೆ ಎದ್ದಿತು. “ಇದೆಂಥಾ ಒಡಪೋ ಮಾರಾಯಾ!” ಎಂದು ಶಿವಕ್ಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಾನು ಮಾತ್ರ ಕಸ್ತೂರವ್ವನನ್ನೇ ನೋಡುತ್ತಿದ್ದೆ. ಆಕೆ ನಗಲಿಲ್ಲ.

“ಅಂದಿದ್ದು ಖರೆ,” ಎಂದಳು. “ಬುತ್ತಿ ಕಟ್ಟತೇನಿ. ಆದರ ಡಬ್ಬಿ ತಿರುಗಿ ಮನಿಗೆ ಬರಬೇಕು. ಎಲ್ಯಾರ ಬಿಟ್ಟ ಬಂದಿ, ಓದು ಬಂದ್.”

ಚೌಕಟ್ಟಿನಿಂದ ಕೈ ಕಿತ್ತಳು. ಐದು ಬೆರಳು ಅಲ್ಲೇ ಉಳಿದವು. ಭಾಗ್ಯಕ್ಕ ನನ್ನ ಮಣಿಕಟ್ಟು ಬಿಟ್ಟು, ಹೊಸ್ತಿಲ ಮೇಲಿಟ್ಟ ಸೇರಕ್ಕಿ ಒದ್ದು ಒಳಗೆ ಹೋದಳು.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆ. ಮೇಡಂ ಕೇಳಿದ ಎರಡೂ ಪ್ರಶ್ನೆಗೆ ಉತ್ತರ ಆ ಬಾಗಿಲಲ್ಲಿತ್ತು. ಊರಿಗೆ ಬಂದು ಬರೆದೆ. ಕೊನೆಯ ಸಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಂತೆಯೂ ಮಾಡಿದೆ. ಆದರೆ ಕಾಲೇಜು ತೆರೆಯುವ ದಿನ ಹತ್ತಿರವಾದಂತೆ ನನ್ನ ಕಥೆಯನ್ನು ನಾನೇ ನಂಬದಾದೆ. ಹಂದರದ ಕೆಳಗೆ ಓಣಿಯವರ ಎದುರು ಒಪ್ಪಿದ್ದನ್ನು, ಹಂದರ ಬಿಚ್ಚಿದ ಮೇಲೆ ಒಲೆಯ ಮುಂದೆ ಮರೆಯುವುದು ಎಷ್ಟು ಹೊತ್ತಿನ ಮಾತು? ಫೋನು ಮಾಡಿದರೆ ಭಾಗ್ಯಕ್ಕ, “ನೋಡೂಣು,” ಎಂದಳು. ಅದು ಕಸ್ತೂರವ್ವನ ಶಬ್ದ.

ಕಾಲೇಜು ತೆರೆದ ಮುಂಜಾನೆ ಜಿಟಿಜಿಟಿ ಮಳೆ. ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಕಂಬಕ್ಕೆ ಒರಗಿ ನಿಂತೆ. ಹುಕ್ಕೇರಿಯ ಮೊದಲ ಬಸ್ಸು ಬಂತು. ಇಳಿದವರೆಲ್ಲ ಕೊಡೆ ಬಿಚ್ಚಿ ಚದುರಿದರು, ಆಕೆ ಇರಲಿಲ್ಲ. ಎರಡನೆಯದು ತಡವಾಯಿತು. ಧುಪದಾಳದ ಹತ್ತಿರ ರಸ್ತೆಗೆ ಗಿಡ ಬಿದ್ದಿದೆ ಎಂದು ಯಾರೋ ಅಂದರು, ಇನ್ನೊಬ್ಬರು ಅದೆಲ್ಲ ಸುಳ್ಳು ಎಂದರು. ನಾನು ಆ ಬಿದ್ದ ಗಿಡವನ್ನು ಭಕ್ತಿಯಿಂದ ನಂಬಿದೆ. ಜೀವನದಲ್ಲಿ ಪುರಾವೆ ಕೇಳದೆ ನಂಬಿದ್ದು ಅದೊಂದನ್ನೇ.

ಬಸ್ಸು ಬಂತು. ಕಿಟಕಿಯ ಸೀಟಿನಲ್ಲಿ ಭಾಗ್ಯಕ್ಕ. ಬಗಲಲ್ಲಿ ಚೀಲ, ಚೀಲದಲ್ಲಿ ಸ್ಟೀಲಿನ ಡಬ್ಬಿ.

ಮಧ್ಯಾಹ್ನ ಅದನ್ನು ಇಬ್ಬರೂ ಕೂಡಿ ತೆರೆದೆವು. ಎರಡು ಕಡಕ್ ರೊಟ್ಟಿ. ಮೂಲೆಯಲ್ಲಿ ಶೇಂಗಾ ಚಟ್ನಿಪುಡಿ. ಎಣ್ಣೆಯಿಲ್ಲ, ಮೊಸರಿಲ್ಲ, ಪಲ್ಯವಿಲ್ಲ.

ನನ್ನ ಮೈ ಉರಿಯಿತು. “ಇದೇನ್ ಬುತ್ತಿಯೇನ? ಸೇಡು ಐತಿ ಇದು!”

ಭಾಗ್ಯಕ್ಕ ರೊಟ್ಟಿ ಮುರಿದಳು. ಅದರ ಸದ್ದು ಪಕ್ಕದ ಬೆಂಚಿಗೂ ಕೇಳಿಸಿರಬೇಕು. “ಒಡಪಿನ್ಯಾಗ ಪಲ್ಯಾದ ಮಾತ ಇರಲಿಲ್ಲಲ್ಲ,” ಎಂದು ನಕ್ಕಳು. ನಗುವಾಗ ಕಣ್ಣು ನೀರಾಗಿದ್ದವು. ಚಟ್ನಿಪುಡಿಯ ಖಾರ ಎಂದಳು. ಇನ್ನೂ ಬಾಯಿಗೆ ಇಟ್ಟಿರಲಿಲ್ಲ.

ದಿನಾ ಅದೇ. ಕಸ್ತೂರವ್ವ ಕೊಟ್ಟ ಮಾತನ್ನು ಉಳಿಸಿಕೊಂಡಳು, ಒಂದು ತುತ್ತೂ ಹೆಚ್ಚಿಗೆ ಉಳಿಸಿಕೊಳ್ಳಲಿಲ್ಲ. ಡಬ್ಬಿ ದಿನವೂ ತಿರುಗಿ ಹೋಯಿತು. ಒಂದು ದಿನ ಮರೆತು ಬಸ್ಸು ಹತ್ತಿದವಳು ಇಳಿದು ಓಡಿಬಂದು ಒಯ್ದಳು, ಬಸ್ಸು ತಪ್ಪಿತು. ನಮ್ಮ ಮನೆಯಿಂದ ಪಲ್ಯ ತರುತ್ತೇನೆ ಎಂದರೆ ಬೇಡವೆಂದಳು. “ಡಬ್ಬಿಗೆ ಬ್ಯಾರೆ ಮನಿ ಪಲ್ಯಾದ ವಾಸನಿ ಹತ್ತಿದ್ರ ಅವರಿಗೆ ಗೊತ್ತಾಗತೈತಿ.” ನಾನು ಬರೆದದ್ದನ್ನು ಓದಿಸಿದಾಗ ಒಂದೇ ಮಾತು: “ಇದು ಸುಳ್ಳ ಐತಿ. ಬಾಗಲದಾಗ ನಿಂತಿದ್ದು ಒಂದ ಗಳಿಗಿ. ಪಲ್ಯಾ ಇಲ್ಲದ ರೊಟ್ಟಿ ತಿನ್ನಾಕತ್ತಿದ್ದು ಮಳಿ ಹಿಡದಾಗಿಂದ. ಚಪ್ಪಾಳಿ ಯಾರ ಹೊಡದ್ರು?” ನಾನು ಆ ಹಾಳೆಗಳನ್ನು ಹರಿದೆ. ಶಿಬಿರಕ್ಕೆ ಬರಿಗೈಯಲ್ಲಿ ಹೋದೆ. ಮೇಡಂಗೆ, “ಎಳೆ ಸಿಕ್ಕೈತ್ರಿ, ಮುಗದಿಲ್ಲ,” ಎಂದೆ.

ಶ್ರಾವಣ ಕಳೆದು ಮಳೆ ಹಿಂದೆಗೆಯುತ್ತಿದ್ದಾಗ ಒಂದು ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆರೆದರೆ ಬದನೆಕಾಯಿ ಎಣ್ಣೆಗಾಯಿ. ನಾಲ್ಕು ಇದ್ದವು, ಇಬ್ಬರಿಗಾಗುವಷ್ಟು. ಮೆತ್ತನೆಯ ರೊಟ್ಟಿ. ಇಬ್ಬರೂ ಕೈ ಹಚ್ಚದೆ ಅದನ್ನೇ ನೋಡಿದೆವು.

“ಏನಾತು?” ಎಂದೆ.

“ಏನೂ ಆಗಿಲ್ಲ.”

“ಜಗಳಾ ಆತೇನು? ಮಲ್ಲಿಕಾರ್ಜುನ ಮಾಮಾ ಏನರೆ ಅಂದ್ರೇನು? ನಿನಗ ಜ್ವರಾ ಗಿರಾ ಬಂದಿತ್ತೇನು?”

“ಏನೂ ಇಲ್ಲ ಅಂದ್ನೆಲ್ಲ. ಎದ್ದು ನೋಡೂದ್ರಾಗ ಕಟ್ಟಿ ಇಟ್ಟಿದ್ರು.”

ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ವೇದಿಕೆಗಳಲ್ಲಿ ಕೂಗಿದವಳು ನಾನು. ಆ ಕಾರಣ ಮಾತ್ರ ನನಗೆ ಸಿಗಲೇ ಇಲ್ಲ. ಭಾಗ್ಯಕ್ಕ ಓದು ಮುಗಿಸಿದಳು, ಈಗ ಹುಕ್ಕೇರಿಯಲ್ಲೇ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ನಾನು ಒಂದೆರಡು ಕಥೆ ಬರೆದಿದ್ದೇನೆ. ದಿನದ ಬದುಕಿನಲ್ಲಿ ಕಥೆ ಬಿದ್ದಿರುತ್ತದೆ ಎಂಬ ಮಾತನ್ನು ಈಗಲೂ ಪೂರ್ತಿ ಒಪ್ಪುವುದಿಲ್ಲ. ನಾವು ಕಂಡದ್ದರಲ್ಲಿ ಕಥೆ ಅರ್ಧವೇ. ಉಳಿದರ್ಧ ನಾವಿಲ್ಲದಾಗ, ಯಾರದೋ ಅಡಿಗೆಮನೆಯಲ್ಲಿ, ನಸುಕಿನಲ್ಲಿ ಬದನೆಕಾಯಿ ಹೆಚ್ಚುತ್ತ ಕೂತಿರುತ್ತದೆ.

ಹೋದ ವಾರ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಕಸ್ತೂರವ್ವ ಕಟ್ಟೆಯ ಮೇಲೆ ಕೂತು ಬಣ್ಣದವನ ಕೆಲಸ ಕಾಯುತ್ತಿದ್ದಳು. “ಅತ್ತೀ, ಅಕ್ಕನ ಬುತ್ತಿಗೆ ಮೊದಲ ಸಲ ಪಲ್ಯಾ ಹಾಕಿದ್ರೆಲ್ಲ, ಅವತ್ತ ಯಾಕ ಹಾಕಿದ್ರಿ?”

“ಯಾವತ್ತ?”

“ಎಣ್ಣೆಗಾಯಿ. ಅದಕ್ಕೂ ಮುಂಚೆ ಬರೇ ಚಟ್ನಿಪುಡಿ ಕಟ್ಟತಿದ್ರಿ.”

“ಯಾರಿಗೆ ನೆನಪೈತವಾ ಅದೆಲ್ಲಾ,” ಎಂದು ಬಣ್ಣದವನ ಕಡೆ ತಿರುಗಿದಳು. “ಆ ಮೂಲಿ ಬಿಟ್ಟಿ ನೋಡೋ.”

ಸಾಕ್ಷಿಯೇ ನೆನಪಿಲ್ಲ ಎಂದರೆ ವಿಚಾರಣೆ ಮುಗಿದಂತೆ.  ಸಂಜೆ ಹೊರಟಾಗ ಕಸ್ತೂರವ್ವ ಒಂದು ಸ್ಟೀಲಿನ ಡಬ್ಬಿಯನ್ನು ನನ್ನ ಚೀಲದಲ್ಲಿ ತುರುಕಿದಳು. “ಬಸ್ಸಿನ್ಯಾಗ ತಿನ್ನು.”

ಘಟಪ್ರಭಾ ದಾಟಿದ ಮೇಲೆ ಹಸಿವಾಯಿತು. ಮುಚ್ಚಳ ತೆಗೆದೆ. ಎರಡು ಕಡಕ್ ರೊಟ್ಟಿ. ಮೂಲೆಯಲ್ಲಿ ಶೇಂಗಾ ಚಟ್ನಿಪುಡಿ. ಮತ್ತೇನೂ ಇಲ್ಲ.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಆಮೇಲೆ ಭಾಗ್ಯಕ್ಕನಿಗೆ ಫೋನು ಹಚ್ಚಿದೆ. ಆಕೆ ‘ಹಲೋ’ ಅನ್ನುವ ಮೊದಲೇ ಹಿಂದಿನಿಂದ ಕಸ್ತೂರವ್ವನ ದನಿ ಕೇಳಿತು:

“ವಕೀಲವ್ವ ಏನ? ಡಬ್ಬಿ ಯಾವಾಗ ತಿರುಗಿ ತರತಾಳಂತ ಕೇಳು.”